ಯಾರಿಗೆ ಕೊಟ್ಟೆ, ಏನನ್ನು ಕೊಟ್ಟೆ

ಇಂಗ್ಲಿಷಿನಲ್ಲಿ ಕೊಡುವುದು ಬಹಳ ಸುಲಭ. ಕೊಡುವವರೊಬ್ಬರು, ಇಸಕೊಳ್ಳುವವರೊಬ್ಬರು, ನಡುವೆ ಒಂದು ವಸ್ತು; ಇಷ್ಟಿದ್ದರೆ ವಾಕ್ಯ ಮುಗಿಯಿತು. ನಮ್ಮ ಕಡೆ ಕೊಡುವುದು ಅಷ್ಟು ಸಲೀಸಲ್ಲ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಕೈಯಿಂದ, ಎಷ್ಟು ಸಲ ಬೇಡ ಅಂದ ಮೇಲೆ, ಇದೆಲ್ಲ ತೀರ್ಮಾನವಾದ ಮೇಲಷ್ಟೇ ವಸ್ತು ಕೈ ಬದಲಾಯಿಸುತ್ತದೆ. ಈ ಎರಡರ ನಡುವೆ ಸಿಕ್ಕಿಹಾಕಿಕೊಂಡಿರುವ ಮೇಷ್ಟ್ರು ನಾನು. ಹಾಗಾಗಿ ಭಾನುವಾರ ಬಂತೆಂದರೆ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಆಗದಿದ್ದ ದಿನ ನನಗೇ ಅನುಮಾನ, ಇವತ್ತು ಕ್ಲಾಸು ನಡೆಯಿತೋ ಇಲ್ಲವೋ ಅಂತ.

ಚಾಮರಾಜನಗರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ವಾರವಿಡೀ ಮಕ್ಕಳ ಜೊತೆ ಕೂಗಾಡಿದ್ದು ಸಾಲದು ಅಂತ, ಭಾನುವಾರ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬಂದು ದೊಡ್ಡವರಿಗೆ ಕಲಿಸುತ್ತೇನೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನನ್ನ ಹೆಂಡತಿ ಪ್ರತಿ ಭಾನುವಾರ ಬೆಳಿಗ್ಗೆ ಹೇಳಿಯೇ ಕಳಿಸುತ್ತಾಳೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಹೋಟೆಲಿನ ಮೇಲಿನ ಮಹಡಿ ಕೋಣೆ ನಮ್ಮ ಶಾಲೆ. ಕೆಳಗೆ ಒಗ್ಗರಣೆ ಬಿದ್ದರೆ ಮೇಲೆ ಎಲ್ಲರೂ ಒಟ್ಟಿಗೆ ಸೀನುತ್ತಾರೆ.

ಬರುವವರು ಹಲವರು. ಆದರೆ ಒಂದು ಭಾನುವಾರವೂ ತಪ್ಪಿಸದವರು ಮೂವರು. ಒಬ್ಬ ಚೆಂಡುಹೂವಿನ ವ್ಯಾಪಾರಿ. ಕೇರಳದವರ ಜೊತೆ ಮಲಯಾಳದಲ್ಲೇ ಜಗಳ ಆಡುವಷ್ಟು ಕಲಿತಿದ್ದಾನೆ, ಇನ್ನು ಇಂಗ್ಲಿಷಿನಲ್ಲೂ ಆಡಬೇಕಂತೆ. ಇನ್ನೊಬ್ಬರು ಹರದನಹಳ್ಳಿಯ ಯಜಮಾನರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ವಲ್ಲಿ. ನನ್ನ ಬಸ್ಸಿನಲ್ಲೇ ಬರುತ್ತಾರೆ. ಗುಂಡ್ಲುಪೇಟೆಯ ಮಗಳ ಮನೆಯಲ್ಲಿ ಮೊಮ್ಮಗಳು ತಾತನ ಎದುರಿಗೇ ಇಂಗ್ಲಿಷಿನಲ್ಲಿ ಏನೋ ಹೇಳಿ ನಗುತ್ತಾಳಂತೆ, ಅದೇನು ಅಂತ ತಿಳಿಯುವವರೆಗೆ ಇವರಿಗೆ ಸಮಾಧಾನವಿಲ್ಲ.

ಮೂರನೆಯವರು ಹಂಗಳದ ಅಕ್ಕ. ನನಗಿಂತ ಚಿಕ್ಕವರೇ, ಆದರೂ ಎಲ್ಲರೂ ಅಕ್ಕ ಅನ್ನುವುದರಿಂದ ನಾನೂ ಅಕ್ಕ ಅನ್ನುತ್ತೇನೆ. ಬಂಡೀಪುರದ ಕಾಡು ನೋಡಲು ಬರುವವರು ಉಳಿದುಕೊಳ್ಳುವ ಒಂದು ವಸತಿಗೃಹದಲ್ಲಿ ಅವರದು ಅಡಿಗೆ ಕೆಲಸ. ಅಲ್ಲಿಯ ಊಟದ ಹಾಲ್ ನೋಡಿಕೊಳ್ಳುತ್ತಿದ್ದವನು ಬಿಟ್ಟುಹೋದ. ನೀವು ಇಂಗ್ಲಿಷಿನಲ್ಲಿ ಗೆಸ್ಟುಗಳನ್ನು ವಿಚಾರಿಸಿಕೊಳ್ಳುವಂತಾದರೆ ಹಾಲ್ ನಿಮಗೇ, ಇಲ್ಲದಿದ್ದರೆ ಮೈಸೂರಿನಿಂದ ಯಾರನ್ನಾದರೂ ಕರೆಸುತ್ತೇನೆ ಅಂತ ಮಾಲೀಕರು ಅಕ್ಕನಿಗೆ ಹೇಳಿದ್ದರು. ಸಂಬಳ ಜಾಸ್ತಿಯಾಗುತ್ತದಾ ಅಂತ ನಾನು ಕೇಳಿದೆ. ಅಕ್ಕ ತಲೆ ಅಲ್ಲಾಡಿಸಿದರು.

"ಸಂಬ್ಳಕ್ಕಲ್ಲ ಮೇಷ್ಟ್ರೇ. ವರ್ಸಾನುಗಟ್ಲೆಯಿಂದ ಬೇಯಿಸ್ತಿವ್ನಿ. ತಟ್ಟೆ ಕಿಟ್ಕೀಲಿ ಆ ಕಡಿಕೆ ಓಯ್ತದ, ಆಮೇಲೇನಾಯ್ತದೋ ಶಿವನ್ನೇ ಕೇಳ್ಬೇಕು. ನಾ ಮಾಡ್ದುದ್ನ ತಿನ್ನೋರ ಮೊಕ ಒಂದ್ಸಲನೂ ನೋಡಿಲ್ಲ."

ಅಂದೇ ನಾನು ತೀರ್ಮಾನ ಮಾಡಿದೆ, ಇವರಿಗೆ ಕಲಿಸಬೇಕಾದ್ದು ಎರಡು ಕರ್ಮದ ಕ್ರಿಯಾಪದಗಳನ್ನೇ. ಗಿವ್, ಬ್ರಿಂಗ್, ಸೆಂಡ್, ಲೆಂಡ್. ಊಟದ ಹಾಲಿನಲ್ಲಿ ನಡೆಯುವುದೆಲ್ಲ ಇದೇ ತಾನೆ, ಯಾರಿಗೋ ಏನನ್ನೋ ಕೊಡುವುದು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಯಾರಿಗೆ ಅನ್ನುವುದು ಮೊದಲು, ಏನನ್ನು ಅನ್ನುವುದು ಆಮೇಲೆ. ಇಷ್ಟು ನೆನಪಿದ್ದರೆ ಸಾಕು, ಮಿಕ್ಕಿದ್ದು ತಾನೇ ಬರುತ್ತದೆ ಅಂದೆ. ಮಿಕ್ಕಿದ್ದು ಬಂದದ್ದು ಹೀಗೆ.

ಒಂದೇ ಸಲ ಕೇಳಿದವರು

ಬಾಯಿಪಾಠದಲ್ಲಿ ನನಗೆ ನಂಬಿಕೆಯಿಲ್ಲ. ಕೊಡು ಅಂದರೆ ನಿಜವಾಗಿ ಕೊಡಬೇಕು. ಅದಕ್ಕೇ ಕೆಳಗಿನ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಕಾಫಿ ತರಿಸಿ ಮೇಜಿನ ಮೇಲಿಟ್ಟೆ. ಅಕ್ಕ ಉಪಚಾರ ಮಾಡುವವರು, ಯಜಮಾನರು ಅತಿಥಿ. ಅಕ್ಕ ಕೇಳಬೇಕು, "ಶಲ್ ಐ ಬ್ರಿಂಗ್ ಯು ಕಾಫಿ?" ಬೇಕಿದ್ದರೆ ಅವರು ಯೆಸ್ ಪ್ಲೀಸ್ ಅನ್ನಬೇಕು, ಬೇಡದಿದ್ದರೆ ನೋ ಥ್ಯಾಂಕ್ ಯು. ಇಷ್ಟೇ ಪಾಠ.

ಅಕ್ಕ ಸೆರಗು ಸರಿಮಾಡಿಕೊಂಡು ಚೆನ್ನಾಗಿಯೇ ಕೇಳಿದರು. ಯಜಮಾನರು ಬೆನ್ನು ನೆಟ್ಟಗೆ ಮಾಡಿ, ವಲ್ಲಿ ಹೊದ್ದುಕೊಂಡು, ಬೀಗರ ಮನೆಯಲ್ಲಿ ಕೂತ ಗಾಂಭೀರ್ಯದಿಂದ, ನೋ ಥ್ಯಾಂಕ್ ಯು ಅಂದರು. ಒಂದು ಅಕ್ಷರ ತಪ್ಪಿಲ್ಲ. ನಾನು ಶಭಾಷ್ ಅಂದು ಮುಂದಿನ ವಾಕ್ಯಕ್ಕೆ ಹೋಗುವವನಿದ್ದೆ. ಅಕ್ಕ ಮಾತ್ರ ಅಲ್ಲಿಂದ ಅಲ್ಲಾಡಲಿಲ್ಲ. ಮತ್ತೆ ಕೇಳಿದರು. ಅವರು ಮತ್ತೆ ನೋ ಥ್ಯಾಂಕ್ ಯು ಅಂದರು. ಮೂರನೆಯ ಸಲಕ್ಕೆ ಅಕ್ಕನಿಗೆ ಇಂಗ್ಲಿಷ್ ಸಾಲದಾಯಿತು. ನಮ್ಮ ಕೈಯಲ್ಲಿ ಕುಡಿದರೆ ಏನಾಗುತ್ತದೆ, ಅಷ್ಟು ದೂರದಿಂದ ಬಂದು ಬಾಯಿ ಒಣಗಿಸಿಕೊಂಡು ಹೋಗುವುದೇ ಅಂತ ಕನ್ನಡದಲ್ಲೇ ಜೋರು ಮಾಡಿದರು. ಯಜಮಾನರ ಮುಖ ಅರಳಿತು. ಸರಿ, ಅರ್ಧ ಲೋಟ ಕೊಡವ್ವ ಅಂದರು. ಅಕ್ಕ ತುಂಬ ಲೋಟ ಕೊಟ್ಟರು, ಯಜಮಾನರು ತುಂಬ ಲೋಟವನ್ನೂ ಕುಡಿದರು.

ನನಗೆ ರೇಗಿತು. ಇಂಗ್ಲಿಷಿನಲ್ಲಿ ಒಂದೇ ಸಲ ಕೇಳುವುದು, ಬೇಡ ಅಂದರೆ ಬೇಡ ಅಂತಲೇ ಅರ್ಥ, ಮೇಲೆ ಬಿದ್ದು ಕೇಳಿದರೆ ಗೆಸ್ಟುಗಳು ಹೆದರಿಕೊಳ್ಳುತ್ತಾರೆ ಅಂದೆ. ಇಡೀ ಕ್ಲಾಸು ನನ್ನ ಕಡೆ ಕನಿಕರದಿಂದ ನೋಡಿತು. ಪಾಪ, ಇವರ ಮನೆಗೆ ಯಾರೂ ಬರುವುದಿಲ್ಲವೇನೋ ಅನ್ನುವ ಹಾಗೆ.

ಯಜಮಾನರು ಮಾತ್ರ ಮೀಸೆ ಒರೆಸಿಕೊಳ್ಳುತ್ತಾ ಯೋಚನೆಗೆ ಬಿದ್ದರು. ಮೊಮ್ಮಗಳನ್ನು ಶಾಲೆಗೆ ಸೇರಿಸಿದ ಹೊಸದರಲ್ಲಿ ಅಲ್ಲಿಯ ಮುಖ್ಯೋಪಾಧ್ಯಾಯಿನಿ ಇವರನ್ನು ಕೂರಿಸಿ ಇಂಗ್ಲಿಷಿನಲ್ಲಿ ಕಾಫಿ ಬೇಕಾ ಅಂತ ಕೇಳಿದರಂತೆ. ಕಾಫಿಗೆ ಅಂತಲೇ ಬಂದವನು ಅಂದುಕೊಳ್ಳಬಾರದಲ್ಲ, ಇವರು ಕೈ ಅಡ್ಡ ಆಡಿಸಿದರಂತೆ. ಆಕೆ ತಲೆಯಾಡಿಸಿ ಮೊಮ್ಮಗಳ ಲೆಕ್ಕದ ವಿಷಯ ತೆಗೆದರಂತೆ. ಆಕೆ ಇನ್ನೊಂದು ಸಲ ಕೇಳುತ್ತಾರೆ ಅಂತ ಇವರು ಲೆಕ್ಕ ಪೂರ್ತಿ ಮುಗಿಯುವವರೆಗೂ ಕಾದರಂತೆ.

"ಒಂದೇ ಸಲ ಕೇಳುದ್ರು ಕಣಪ್ಪ," ಅಂದರು ಯಜಮಾನರು. "ಆಮೇಲೆ ನನ್ ಮುಂದ್ಗಡೆನೇ ಕೂತ್ಕಂಡು ಅವ್ರೇ ಕುಡುದ್ಬುಟ್ರು."

ಇಷ್ಟು ದಿನ ಅದನ್ನು ಮನೆತನಕ್ಕೇ ಮಾಡಿದ ಅವಮಾನ ಅಂದುಕೊಂಡು, ಮೊಮ್ಮಗಳನ್ನು ಆ ಶಾಲೆ ಬಿಡಿಸಿ ಬೇರೆ ಕಡೆ ಸೇರಿಸುವ ಮಾತು ಮನೆಯಲ್ಲಿ ನಡೆಯುತ್ತಿತ್ತಂತೆ. ಇಂಗ್ಲಿಷಿನ ವ್ಯಾಕರಣ ಒಂದು ಕುಟುಂಬವನ್ನು ಉಳಿಸಿದ್ದನ್ನು ನಾನು ಅವತ್ತೇ ನೋಡಿದ್ದು. ಕೊನೆಗೆ ಯಜಮಾನರು ದೊಡ್ಡ ಮನಸ್ಸು ಮಾಡಿ ಆಕೆಯನ್ನು ಕ್ಷಮಿಸಿದರು. ಬುಡು, ಆಯಮ್ಮಂದೇನೂ ತಪ್ಪಿಲ್ಲ, ಪಾಪ ಅವ್ರ ಭಾಸೆಗೇ ಎಲ್ಡ್ ಸಲ ಕೇಳಕ್ಕೆ ಬರಕಿಲ್ಲ ಅಂದರು.

ದೀಪ ಹಚ್ಚಿದ ಮೇಲೆ

ಒಂದು ಭಾನುವಾರ ತೆರಕಣಾಂಬಿ ದಾಟುವ ಹೊತ್ತಿಗೆ ಬಸ್ಸು ಕೆಟ್ಟು ನಿಂತು, ಕ್ಲಾಸು ಶುರುವಾಗುವಾಗ ಸಂಜೆಯೇ ಆಗಿಹೋಯಿತು. ಅಂದಿನ ಕ್ರಿಯಾಪದ ಲೆಂಡ್, ಅಂದರೆ ವಾಪಸು ಕೊಡುವ ಮಾತಿನ ಮೇಲೆ ಕೊಡುವುದು. ನಿಜವಾದ ವಸ್ತು ಬೇಕಲ್ಲ. ನಮ್ಮ ಹೂವಿನ ವ್ಯಾಪಾರಿಯ ಜೇಬಿನಲ್ಲಿ ಸದಾ ಒಂದು ದಬ್ಬಣ ಇರುತ್ತದೆ, ಹೂವಿನ ಮೂಟೆಯ ಬಾಯಿ ಹೊಲಿಯುವುದಕ್ಕೆ. ನಾನು ಕೈ ಚಾಚಿ, "ಲೆಂಡ್ ಮಿ ಯುವರ್ ನೀಡಲ್" ಅಂದೆ.

ವ್ಯಾಪಾರಿ ಸೂರು ನೋಡಿದ. ಕೇಳಿಸಲಿಲ್ಲವೇನೋ ಅಂತ ನಾನು ಜೋರಾಗಿ ಹೇಳಿದೆ. ಅವನು ಕಿಟಕಿ ನೋಡಿದ. ಬೋರ್ಡಿನ ಮೇಲೆ ಬರೆದು, ಯಾರಿಗೆ, ಏನನ್ನು ಅಂತ ಗೆರೆ ಎಳೆದು ತೋರಿಸಿದೆ. ಅವನು ತಲೆ ತಗ್ಗಿಸಿ ಕೂತ. ಆಗ ಅಕ್ಕ ಮೆಲ್ಲಗೆ, ಕೆಳಗೆ ಹೋಟೆಲಿನವರು ದೇವರ ಮುಂದೆ ದೀಪ ಹಚ್ಚಾಯಿತು ಮೇಷ್ಟ್ರೇ ಅಂದರು. ದೀಪ ಹಚ್ಚಿದ ಮೇಲೆ ಸೂಜಿ, ದಬ್ಬಣ, ಮಜ್ಜಿಗೆ ಇವನ್ನೆಲ್ಲ ಕೈಯಿಂದ ಆಚೆ ಕೊಡುವಂತಿಲ್ಲ, ಕೊಟ್ಟರೆ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ ಅನ್ನುವುದು ನನಗೇನು ತಿಳಿಯದ್ದಲ್ಲ. ಆದರೂ ಮೇಷ್ಟ್ರತನ ಬಿಡಬೇಕಲ್ಲ. ಇದು ಇಂಗ್ಲಿಷ್, ಇಂಗ್ಲಿಷಿಗೆ ಮುಸ್ಸಂಜೆ ಗಿಸ್ಸಂಜೆ ಇಲ್ಲ ಅಂದೆ.

"ಭಾಸೆ ಇಂಗ್ಲಿಷ್ದಾದ್ರೂ ದಬ್ಬಣ ಗುಂಡ್ಲುಪೇಟೇದೇ ಅಲ್ವಾ," ಅಂದರು ಯಜಮಾನರು.

ಆಯಿತು, ಕೊಡದಿದ್ದರೆ ಬೇಡ, ಯಾಕೆ ಕೊಡುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳು ಅಂದೆ. ವ್ಯಾಪಾರಿ ಹಣೆ ಉಜ್ಜಿಕೊಂಡು, ಬಹಳ ಹೊತ್ತು ಯೋಚಿಸಿ, "ಸಾರಿ ಸರ್. ಕಮ್ ಮಾರ್ನಿಂಗ್. ಐ ವಿಲ್ ಲೆಂಡ್ ಯು ದಿ ನೀಡಲ್" ಅಂದ. ಯಾರಿಗೆ ಮೊದಲು, ಏನನ್ನು ಆಮೇಲೆ, ಎಲ್ಲ ಸರಿಯಾಗಿತ್ತು. ಅವನಿಗೆ ಪೂರ್ತಿ ಅಂಕ ಕೊಡದೆ ವಿಧಿಯಿರಲಿಲ್ಲ.

ಕ್ಲಾಸು ಮುಗಿಸಿ ಮೆಟ್ಟಿಲು ಇಳಿಯುವಾಗ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಹಿಂದೆಯೇ ಇಳಿಯುತ್ತಿದ್ದ ವ್ಯಾಪಾರಿ ಅಯ್ಯೋ ಅಂತ ನನಗಿಂತ ಹೆಚ್ಚು ನೊಂದುಕೊಂಡ. ಭಾನುವಾರ, ಚಪ್ಪಲಿ ಹೊಲಿಯುವವರು ಯಾರೂ ಕೂತಿರಲಿಲ್ಲ. ನಾನು ಅವನ ಜೇಬಿನ ಕಡೆ ನೋಡಿದೆ. ಅವನೂ ತನ್ನ ಜೇಬಿನ ಕಡೆ ನೋಡಿಕೊಂಡ. ಹೋಗಲಿ, ನನಗೆ ಕೊಡಬೇಡ, ನೀನೇ ಎರಡು ಹೊಲಿಗೆ ಹಾಕು ಅಂದೆ. ಹೊಲಿಯುವುದಂತೂ ಇನ್ನೂ ಕೆಟ್ಟದ್ದು, ಈ ಹೊತ್ತಿನಲ್ಲಿ ಯಾರಾದರೂ ಹೊಲಿಯುತ್ತಾರಾ ಸಾರ್ ಅಂದ. ಹಾಗಂತ ಮೇಷ್ಟ್ರನ್ನು ನಡುಬೀದಿಯಲ್ಲಿ ಬಿಟ್ಟುಹೋಗುವಷ್ಟು ಕೆಟ್ಟವನೂ ಅಲ್ಲ. ನನ್ನ ಎರಡೂ ಚಪ್ಪಲಿಗಳನ್ನು ಕೈಗೆತ್ತಿಕೊಂಡು, ಜೇಬಿನಲ್ಲಿ ದಬ್ಬಣ ಇಟ್ಟುಕೊಂಡು, ಕಲ್ಲಿದೆ ನೋಡಿ ಸಾರ್, ಗಾಜಿದೆ ನೋಡಿ ಸಾರ್ ಅಂತ ದಾರಿ ತೋರಿಸುತ್ತಾ ಬರಿಗಾಲಿನ ನನ್ನನ್ನು ಬಹಳ ಮರ್ಯಾದೆಯಿಂದ ಬಸ್ಸು ಹತ್ತಿಸಿದ.

ಸೋದರಮಾವನಿಗೆ ಕಳಿಸಿದ್ದು

ಸೆಂಡ್ ಕ್ರಿಯಾಪದಕ್ಕೆ ಎಲ್ಲರ ಬಳಿಯೂ ಫೋನಿದೆಯಲ್ಲ ಅಂತ ನಾನೇ ಒಂದು ಉಪಾಯ ಮಾಡಿದೆ. ಬೋರ್ಡಿನ ಮೇಲೆ ಕೆಲವು ವಾಕ್ಯ ಬರೆದು, ಇವುಗಳಲ್ಲಿ ಒಂದನ್ನು ನಿಮ್ಮ ನೆಂಟರಿಗೆ ಮೆಸೇಜು ಮಾಡಿ, ಅವರಿಂದ ಉತ್ತರ ಬಂದರೆ ನಿಮ್ಮ ಇಂಗ್ಲಿಷ್ ಸರಿಯಾಗಿದೆ ಅಂತ ಅರ್ಥ ಅಂದೆ. ಅಕ್ಕ ತಮ್ಮ ಅಣ್ಣನಿಗೆ, ನಾನು ನಿಮಗೆ ಮಾವಿನಹಣ್ಣು ಕಳಿಸುತ್ತೇನೆ ಅನ್ನುವುದನ್ನು ಕಳಿಸಿದರು. ಅವನು ಮಾರನೇ ದಿನ ಹಣ್ಣು ಒಯ್ಯಲು ಚೀಲ ಹಿಡಿದು ಬಂದ. ಯಜಮಾನರು ನನಗೇ ಕಳಿಸಿದರು. ವ್ಯಾಪಾರಿ ಮಾತ್ರ, "ಐ ವಿಲ್ ಸೆಂಡ್ ಯು ದಿ ಇನ್ವಿಟೇಶನ್" ಅನ್ನುವ ವಾಕ್ಯ ಆರಿಸಿಕೊಂಡು, ಚಂದಕವಾಡಿಯಲ್ಲಿರುವ ತನ್ನ ಸೋದರಮಾವನಿಗೆ ಕಳಿಸಿ ನಿಶ್ಚಿಂತೆಯಿಂದ ಮಲಗಿದ.

ಆ ಮಾವನಿಗೆ ಇಂಗ್ಲಿಷ್ ಬಾರದು. ಪಕ್ಕದ ಮನೆಯವರಿಂದ ಓದಿಸಿದ. ಅವರು, ನಿಮ್ಮ ಅಳಿಯ ಲಗ್ನಪತ್ರಿಕೆ ಕಳಿಸುತ್ತಾನಂತೆ ಅಂದರು. ನಮ್ಮ ಕಡೆಯವರಿಗೆ ಇದರ ಮೇಲೆ ವಿವರಣೆ ಬೇಕಿಲ್ಲ. ಸೋದರಮಾವನಿಗೆ ಲಗ್ನಪತ್ರಿಕೆಯನ್ನು ಯಾರೂ ಕಳಿಸುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಕುಂಕುಮ ಕೊಟ್ಟು, ಬರಲೇಬೇಕು ಅಂತ ಬಾಯಿಬಿಟ್ಟು ಕರೆಯಬೇಕು. ಅದಕ್ಕೂ ಮೊದಲು ಹೆಣ್ಣು ಗಂಡು ನೋಡುವಾಗಲೇ ಅವನು ಮುಂದೆ ಕೂತಿರಬೇಕು. ವ್ಯಾಪಾರಿಗೆ ಮದುವೆ ವಯಸ್ಸಿನ ಮಗಳು ಬೇರೆ ಇದ್ದಾಳೆ. ಅಲ್ಲಿಗೆ ಮಾವನ ಲೆಕ್ಕ ಸರಿಹೋಯಿತು: ಗಂಡು ಒಪ್ಪಿಯಾಗಿದೆ, ವೀಳ್ಯಶಾಸ್ತ್ರ ಮುಗಿದಿದೆ, ಛತ್ರವೂ ಗೊತ್ತಾಗಿದೆ, ನನಗೆ ಮಾತ್ರ ಪತ್ರಿಕೆ ಕಳಿಸುತ್ತಾನಂತೆ, ಅದೂ ಇಂಗ್ಲಿಷಿನಲ್ಲಿ.

ಬೆಳಕು ಹರಿಯುತ್ತಲೇ ಮಾವ ಊರಿನ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ವ್ಯಾಪಾರಿಯ ಮನೆ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ, ಕೂರಲಿಲ್ಲ, ನೀರು ಮುಟ್ಟಲಿಲ್ಲ. ವ್ಯಾಪಾರಿಯ ಹೆಂಡತಿ ಗಂಡನಿಗೆ ಹಿಡಿಶಾಪ ಹಾಕಿದಳು. ಮಗಳು, ನನಗೆ ಗೊತ್ತಿಲ್ಲದೆ ನನ್ನ ಮದುವೆ ಮಾಡಿದಿರಾ ಅಂತ ಅಳುವುದಕ್ಕೆ ಶುರುಮಾಡಿದಳು. ವ್ಯಾಪಾರಿ ನನಗೆ ಫೋನು ಮಾಡಿ, ಸಾರ್ ನೀವೇ ಒಂದು ಮಾತು ಹೇಳಿ ಅಂತ ಫೋನನ್ನು ಮಾವನ ಕೈಗೆ ಕೊಟ್ಟ.

ಮದುವೆ ಏನೂ ಇಲ್ಲ, ಅದು ಬರೀ ಅಭ್ಯಾಸದ ವಾಕ್ಯ ಅಂತ ನಾನು ಮಾವನಿಗೆ ಹೇಳಿದೆ. ಮದುವೆ ಇಲ್ಲದಿದ್ದರೆ ಪತ್ರಿಕೆ ಯಾಕೆ ಅಂತ ಅವನು ಕೇಳಿದ. ಪತ್ರಿಕೆಯೂ ಇಲ್ಲ ಅಂದೆ. ಇಲ್ಲದ ಪತ್ರಿಕೆಯನ್ನು ಕಳಿಸುತ್ತೇನೆ ಅಂತ ಹೇಳುವುದಕ್ಕೆ ಇಷ್ಟು ವಯಸ್ಸಾದವನು ನಿಮ್ಮ ಹತ್ತಿರ ಬಂದು ಕಲಿಯಬೇಕಾ ಅಂದ. ಅವನ ಪ್ರಶ್ನೆಯಲ್ಲಿ ನ್ಯಾಯವಿತ್ತು.

ಮಾವ ಮುನಿಸಿಕೊಂಡೇ ಹೋದ. ಜೊತೆಗಿದ್ದ ಹಿರಿಯರೇ ಒಂದು ದಾರಿ ಹೇಳಿದರು. ತಪ್ಪು ಕರೆಯೋಲೆಯಿಂದ ಆಗಿದೆ, ಆದ್ದರಿಂದ ಸರಿಯಾಗಿ ಕರೆದರೆ ಸರಿಹೋಗುತ್ತದೆ, ಹೋಗಿ ಕ್ರಮವಾಗಿ ಕರೆದು ಬಾ ಅಂದರು. ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು, ತೆಂಗಿನಕಾಯಿ, ಎಲೆ ಅಡಿಕೆ ತಟ್ಟೆಯಲ್ಲಿಟ್ಟುಕೊಂಡು ಚಂದಕವಾಡಿಗೆ ಹೋಗಿ, ಮಾವನ ಕಾಲಿಗೆ ಬಿದ್ದು, ಕುಟುಂಬ ಸಮೇತ ಬರಲೇಬೇಕು ಅಂದ. ಮಾವ ಕರಗಿದ. ಆದರೆ ಯಾವುದಕ್ಕೆ ಕರೆಯುವುದು? ಮನೆಯಲ್ಲಿ ಮದುವೆಯೂ ಇಲ್ಲ, ಮುಂಜಿಯೂ ಇಲ್ಲ. ವ್ಯಾಪಾರಿಗೆ ಬೇರೇನೂ ಹೊಳೆಯದೆ ನಮ್ಮ ಕ್ಲಾಸಿಗೆ ಕರೆದುಬಿಟ್ಟ.

ಆ ಭಾನುವಾರ ನಾನು ಮಹಡಿ ಹತ್ತಿ ನೋಡಿದರೆ ಮುಂದಿನ ಬೆಂಚಿನಲ್ಲಿ ಮಾವ, ಮಾವನ ಹೆಂಡತಿ, ಇಬ್ಬರು ಹಿರಿಯರು, ಎಲ್ಲರೂ ಇಸ್ತ್ರಿ ಬಟ್ಟೆಯಲ್ಲಿ ಕೂತಿದ್ದಾರೆ. ಕರೆದ ಮೇಲೆ ಬರದಿರುವುದು ಮರ್ಯಾದೆಯಲ್ಲ ಅಂತ ಬಂದಿದ್ದರು. ನಾನು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಮಾವ ಬಹಳ ತಾಳ್ಮೆಯಿಂದ ನೋಡಿದ. ಎರಡು ವಾಕ್ಯ ಮುಗಿದ ಮೇಲೆ ಕೈಯೆತ್ತಿದ. ಸಂದೇಹ ಇದ್ದರೆ ಕೇಳಿ ಅಂದೆ. ಊಟ ಎಷ್ಟು ಹೊತ್ತಿಗೆ ಅಂತ ಕೇಳಿದ.

ಟೇಬಲ್ಲಿಗೆ ಕೊಡಿ

ಇಷ್ಟರಲ್ಲಿ ಅಕ್ಕನ ಪರೀಕ್ಷೆ ಹತ್ತಿರ ಬಂತು. ಅವರು ಮನೆಯಲ್ಲಿ ಗಂಡನ ಮೇಲೆ ಅಭ್ಯಾಸ ಮಾಡುತ್ತಿದ್ದರು. ಶಲ್ ಐ ಬ್ರಿಂಗ್ ಯು ಮುದ್ದೆ, ಶಲ್ ಐ ಬ್ರಿಂಗ್ ಯು ಸಾರು ಅಂತ ಕೇಳಿದರೆ, ಏನು ಕೇಳುತ್ತಿದ್ದಾಳೆ ಅಂತ ತಿಳಿಯದೆ ಆತ ಎಲ್ಲದಕ್ಕೂ ಹೂಂ ಅನ್ನುತ್ತಾನಂತೆ. ಮದುವೆಯಾದಾಗಿನಿಂದ ಇಷ್ಟು ನೆಮ್ಮದಿಯಾಗಿ ಇದ್ದದ್ದೇ ಇಲ್ಲ ಮೇಷ್ಟ್ರೇ ಅಂದರು.

ಸರ್ಕಾರಿ ರಜೆಯ ಒಂದು ದಿನ ಮಧ್ಯಾಹ್ನದ ಊಟ ಅಕ್ಕ ಬಡಿಸುವುದು, ಮಾಲೀಕರು ಕೂತು ನೋಡುವುದು ಅಂತ ಗೊತ್ತಾಯಿತು. ಕಲಿಸಿದವರೂ ಇರಲಿ ಅಂತ ಮಾಲೀಕರು ನನ್ನನ್ನೂ ಕರೆಸಿಕೊಂಡರು. ಹಂಗಳದಲ್ಲಿ ಬಸ್ಸಿಳಿದು ಹೋದಾಗ ಅಕ್ಕ ಅಡಿಗೆಯನ್ನೂ ಮುಗಿಸಿ, ಹೊಸ ಸೀರೆ ಉಟ್ಟು, ಬಾಗಿಲಲ್ಲಿ ನಿಂತು ಬೋರ್ಡಿನ ವಾಕ್ಯಗಳನ್ನು ಪಿಟಿಪಿಟಿ ಅನ್ನುತ್ತಿದ್ದರು. ನಾನೂ ಮನಸ್ಸಿನಲ್ಲೇ ಜೊತೆಗೆ ಹೇಳಿಕೊಂಡೆ. ಎಷ್ಟೋ ಸಲ ಪರೀಕ್ಷೆ ಮಾಡಿಸಿದ್ದೇನೆ, ಇಷ್ಟು ಹೆದರಿಕೆ ಎಂದೂ ಆಗಿರಲಿಲ್ಲ.

ಅವತ್ತು ಹಾಲಿನಲ್ಲಿ ಇದ್ದದ್ದು ಒಂದೇ ಜೋಡಿ. ಉತ್ತರದ ಕಡೆಯವರು, ಹೊಸದಾಗಿ ಮದುವೆಯಾದವರು. ಗಂಡ ಬೆಳಿಗ್ಗೆ ಏಳದೆ ಸಫಾರಿ ಜೀಪು ತಪ್ಪಿಹೋಗಿತ್ತಂತೆ. ಅಲ್ಲಿಂದ ಆಕೆ ಅವನ ಜೊತೆ ಮಾತು ಬಿಟ್ಟಿದ್ದಳು. ಊಟ ಮುಗಿಸಿ ಹೊರಡುವವರಿದ್ದರು. ಪರೀಕ್ಷೆಗೆ ಇಂಥವರೇ ಸಿಗಬೇಕಾ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅಕ್ಕ ಶುರುಮಾಡಿದರು. ಶಲ್ ಐ ಬ್ರಿಂಗ್ ಯು ಚಪಾತಿ. ಶಲ್ ಐ ಗಿವ್ ಯು ಪಲ್ಯ. ಒಂದೇ ಒಂದು ಸಲ ಕೇಳಿದರು, ಬೇಡ ಅಂದದ್ದನ್ನು ಬಿಟ್ಟರು. ಅದಕ್ಕೆ ಅವರಿಗೆ ಎಷ್ಟು ಕಷ್ಟವಾಯಿತು ಅಂತ ನನಗೊಬ್ಬನಿಗೇ ಗೊತ್ತು. ಮಾಲೀಕರು ನನ್ನ ಕಡೆ ನೋಡಿ ಪರವಾಗಿಲ್ಲವೇ ಅನ್ನುವ ಹಾಗೆ ಹುಬ್ಬೇರಿಸಿದರು. ಅಕ್ಕ ಸಾಂಬಾರು ತರಲು ಆ ಕಡೆ ತಿರುಗಿದರು.

ಆ ಹುಡುಗಿ ಹುರುಳಿಕಾಯಿ ಪಲ್ಯ ಒಂದು ತುತ್ತು ಬಾಯಿಗಿಟ್ಟುಕೊಂಡು, ಬೆಳಿಗ್ಗೆಯಿಂದ ಮೊದಲನೆಯ ಸಲ ಗಂಡನ ಜೊತೆ ಮಾತಾಡಿದಳು. ಉಪ್ಪು ಕೊಡು ಅಂದಳು. ಪಾಪ, 'ಪಾಸ್ ಮಿ ದಿ ಸಾಲ್ಟ್', ವಾಕ್ಯದಲ್ಲಿ ಏನೂ ತಪ್ಪಿಲ್ಲ. ಗಂಡ ರಾಜಿಯ ಅವಕಾಶ ಸಿಕ್ಕಿತು ಅಂತ ಉಪ್ಪಿನ ಬಟ್ಟಲನ್ನು ಲಗುಬಗೆಯಿಂದ ಎತ್ತಿ ಚಾಚಿದ. ಆಕೆಯೂ ಕೈ ಚಾಚಿದಳು.

ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಅನ್ನುವುದು ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತು. ಅದರಲ್ಲೂ ಗಂಡ ಹೆಂಡತಿ. ಅಕ್ಕ ಸಾಂಬಾರಿನ ಸೌಟು ಹಿಡಿದುಕೊಂಡೇ ಹಾಲಿನ ಆ ತುದಿಯಿಂದ ಓಡಿಬಂದು ಬಟ್ಟಲನ್ನು ನಡುವೆಯೇ ಕಿತ್ತುಕೊಂಡರು. ಕಿತ್ತುಕೊಂಡ ಮೇಲೆ, ಈಗ ಉಪ್ಪು ತನ್ನ ಕೈಗೇ ಬಂತಲ್ಲ ಅಂತ ತಿಳಿದು ಕೆಂಡ ಮುಟ್ಟಿದವರ ಹಾಗೆ ಅದನ್ನು ಟೇಬಲ್ಲಿನ ಮೇಲೆ ಕುಕ್ಕಿದರು. ಸಾಂಬಾರು ಗಂಡನ ಅಂಗಿಯ ಮೇಲೆ ಬಿತ್ತು.

"ಡೋಂಟ್ ಗಿವ್ ಹರ್ ಸಾಲ್ಟ್," ಅಂದರು ಅಕ್ಕ. "ಗಿವ್ ಟೇಬಲ್. ಟೇಬಲ್ ಗಿವ್ ಹರ್."

ಮಾಲೀಕರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಗಂಡ ಯಾಕೆ ಅಂತ ಕೇಳಿದ. ಅಕ್ಕ ನನ್ನ ಕಡೆ ನೋಡಿದರು. ನಾನು ಎದ್ದೆ, ಮಾಲೀಕರು ನನ್ನ ಅಂಗಿ ಹಿಡಿದು ಕೂರಿಸಿದರು, ಪರೀಕ್ಷೆ ನಿಮ್ಮದಲ್ಲ ಅಂತ. ಅಕ್ಕ ಎರಡು ಕೈಯನ್ನೂ ಎತ್ತಿ ತೋರಿಸುತ್ತಾ, "ಹ್ಯಾಂಡ್ ಗಿವ್ ಹ್ಯಾಂಡ್ ಸಾಲ್ಟ್, ಫೈಟ್ ಕಮ್" ಅಂದರು.

ಫೈಟ್ ಆಗಲೇ ಬಂದುಬಿಟ್ಟಿದೆ ಅಂದಳು ಹುಡುಗಿ, ಗಂಡನ ಕಡೆ ನೋಡದೆ.

ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡರು. ಈಗ ಅವರ ಭಯ ಹೋಗಿತ್ತು. ಇನ್ಸ್‌ಪೆಕ್ಟರ್ ಕೇಳುವ ಹಾಗೆ ಇಬ್ಬರನ್ನೂ ನೋಡಿ ಕೇಳಿದರು, "ಯೆಸ್ಟರ್‌ಡೇ, ಹೂ ಗೇವ್ ಹೂ ಸಾಲ್ಟ್?"

ಹುಡುಗಿ ಗಂಡನ ಕಡೆ ಬೆರಳು ತೋರಿಸಿದಳು. ರಾತ್ರಿ ಊಟದಲ್ಲಿ ಅವನೇ ಕೊಟ್ಟಿದ್ದ. ಇವಳು ಕೇಳಿದಳು ಅಂತ ಕೊಟ್ಟೆ ಅಂದ ಅವನು, ಠಾಣೆಯಲ್ಲಿ ಹೇಳಿಕೆ ಕೊಡುವ ಧ್ವನಿಯಲ್ಲಿ. ಅಕ್ಕ ನಮ್ಮ ಕಡೆ ತಿರುಗಿ, ಕೇಳಿದಿರಾ ಅನ್ನುವ ಹಾಗೆ ತಲೆಯಾಡಿಸಿದರು. ಹುಡುಗಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ಗಂಡನೂ ನಕ್ಕ. ಸಾಂಬಾರಿನ ಅಂಗಿ ನೋಡಿಕೊಂಡು ಇನ್ನಷ್ಟು ನಕ್ಕ.

ನಗುತ್ತಲೇ ಆಕೆ ಟೇಬಲ್ಲಿನ ಮೇಲಿಂದ ಉಪ್ಪು ತೆಗೆದುಕೊಂಡು ಪಲ್ಯದ ಮೇಲೆ ಉದುರಿಸಿದಳು. ಮತ್ತೂ ಉದುರಿಸಿದಳು. ಅಕ್ಕನ ಮುಖದಲ್ಲಿದ್ದ ಗೆಲುವು ಮೆಲ್ಲಗೆ ಇಳಿಯಿತು. ಪಾತ್ರೆಯಿಂದ ಒಂದು ಚೂರು ಪಲ್ಯ ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟರು. ಪರೀಕ್ಷೆಯ ಗಾಬರಿಯಲ್ಲಿ, ವಾಕ್ಯಗಳನ್ನು ಬಾಯಿಪಾಠ ಮಾಡುತ್ತಾ, ಪಲ್ಯಕ್ಕೆ ಉಪ್ಪೇ ಹಾಕಿರಲಿಲ್ಲ. ಇಷ್ಟು ವರ್ಷ ಕಾದು, ತಿನ್ನುವವರ ಮುಖ ಅಂತ ಅವರು ಮೊದಲು ನೋಡಿದ್ದು ಸಪ್ಪೆ ಪಲ್ಯ ತಿಂದವಳ ಮುಖ. ನನಗೆ ಅಳು ಬರುವ ಹಾಗಾಯಿತು, ನಿಜ.

ಇದನ್ನು ಮಾಡಿದ್ದು ಯಾರು ಅಂತ ಹುಡುಗಿ ಸುಮ್ಮನೆ ಕೇಳಿದಳು. ಯಾರೋ ಅಡಿಗೆಯವರು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಕ್ಕ ಮಾಲೀಕರ ಕಡೆ ನೋಡಿದರು, ತಟ್ಟೆಯ ಕಡೆ ನೋಡಿದರು.

"ಮಿ," ಅಂದರು. "ಐ ಗೇವ್ ಯು ನೋ ಸಾಲ್ಟ್. ಟುಮಾರೋ ಐ ಗಿವ್ ಯು ಗುಡ್ ಪಲ್ಯ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಾಳೆ ಜೀಪೂ ಸಿಗುತ್ತದಲ್ಲ, ಇನ್ನೊಂದು ದಿನ ಇದ್ದು ಹೋಗೋಣ ಅಂದ ಗಂಡ. ಆಕೆ ಆಯಿತು ಅಂದಳು. ಉಪ್ಪಿಲ್ಲದ ಪಲ್ಯ ತಿಂದು ಒಂದು ದಿನ ಹೆಚ್ಚು ಉಳಿದುಕೊಂಡವರನ್ನು ನಾನು ಇದೇ ಮೊದಲು ನೋಡಿದ್ದು ಅಂತ ಮಾಲೀಕರು ನನ್ನ ಕಿವಿಯಲ್ಲಿ ಹೇಳಿದರು. ಹಾಲ್ ಅಕ್ಕನಿಗೇನಾ ಅಂತ ಕೇಳಿದೆ. ನಾಳೆಯ ಪಲ್ಯ ಆಗಲಿ ಅಂದರು.

ನಾಳೆಯ ಪಲ್ಯಕ್ಕೆ ನಾನಿರಲಿಲ್ಲ, ನನಗೆ ಶಾಲೆಯಿತ್ತು. ಭಾನುವಾರದವರೆಗೂ ಕಾಯಬೇಕಾಯಿತು. ಆ ದಿನ ಎಲ್ಲರೂ ಮೊದಲೇ ಬಂದು ಕೂತಿದ್ದರು, ಅಕ್ಕ ತಡವಾಗಿ ಬಂದರು. ಹಾಲ್ ಸಿಕ್ಕಿತಾ ಅಂದೆ. ಅದೇನು ದೊಡ್ಡ ವಿಷಯವಲ್ಲ ಅನ್ನುವ ಹಾಗೆ, ಸಿಕ್ತು ಅಂದರು. ಹಾಗಾದರೆ ಏನಾಯಿತು ಅಂತ ಇಂಗ್ಲಿಷಿನಲ್ಲಿ ಹೇಳಿ ಅಂದೆ. ಅಕ್ಕ ಎದ್ದು ನಿಂತರು.

"ಐ ಗೇವ್ ಹರ್ ಪಲ್ಯ. ಶಿ ಗೇವ್ ಮಿ ದಿ ಪ್ಲೇಟ್."

ಎರಡೂ ವಾಕ್ಯ ಸರಿ. ನಾನು ಶಭಾಷ್ ಅಂದೆ. ಆದರೆ ಯಜಮಾನರಿಗೆ ಬರೀ ವ್ಯಾಕರಣದಿಂದ ತೃಪ್ತಿಯಾಗುವುದಿಲ್ಲ. ಮುಂದಕ್ಕೆ ಬಾಗಿ ಕೇಳಿದರು, "ತಟ್ಟೇಲಿ ಏನಿತ್ತವ್ವ?"

"ಏನೂ ಇರ್ನಿಲ್ಲ ಕಣಣ್ಣಯ್ಯ," ಅಂದರು ಅಕ್ಕ. "ಅದ್ನೇ ಹೇಳ್ತಿರೋದು."